ಪ್ಯಾಟ್ರಿಕ್ ಬ್ರುಯೆಲ್: ಹಾಡು, ನಟನೆ, ಪೋಕರ್ – ಯಾವುದು ಮೊದಲು?

ಪ್ರಶ್ನೆ: ಫ್ರಾನ್ಸಿನ ಬ್ರುಯೆಲ್ ಮೂಲತಃ ಗಾಯಕರೋ ನಟರೋ? ಪೋಕರ್‌ನಲ್ಲಿ ನಿಜವಾದ ಸಾಧನೆ ಇದೆಯೇ, ಬರೀ ಪ್ರಚಾರವೇ?

ಉತ್ತರ 1: ಮೊದಲು ನಟನೆ. ಹುಟ್ಟಿದ್ದು 1959ರಲ್ಲಿ, ಅಲ್ಜೀರಿಯಾದ ಟ್ಲೆಮ್ಸೆನ್‌ನಲ್ಲಿ. 1979ರಲ್ಲಿ ಬಂದ ಮೊದಲ ಚಿತ್ರ ‘ಲ ಕೂ ದ ಸಿರೊಕ್ಕೊ’ ಅಲ್ಜೀರಿಯಾ ಬಿಟ್ಟು ಫ್ರಾನ್ಸಿಗೆ ಬಂದ ಕುಟುಂಬದ್ದೇ ಕಥೆ. ಹಾಡಿನಲ್ಲಿ ಹೆಸರಾದದ್ದು 1984ರಲ್ಲಿ. 1989ರ ‘ಅಲೋರ್ ರೆಗಾರ್ದ್’ ಆಲ್ಬಂ ಬಂದ ಮೇಲಂತೂ ಅಭಿಮಾನಿಗಳ ಹುಚ್ಚಿಗೆ ‘ಬ್ರುಯೆಲ್‌ಮೇನಿಯಾ’ ಎಂಬ ಹೆಸರೇ ಬಿತ್ತು. ಆದರೆ ನನ್ನ ಮಟ್ಟಿಗೆ ಹೆಚ್ಚು ಧೈರ್ಯದ ಕೆಲಸ 2002ರ ‘ಆಂತ್ರ್ ದ’. ಎರಡು ಸಿಡಿಗಳ ತುಂಬ ಹಳೆಯ ಫ್ರೆಂಚ್ ಹಾಡುಗಳು, ಬಹುತೇಕ ಯುಗಳ ಗೀತೆಗಳಾಗಿ.

ಉತ್ತರ 2: ಪ್ರಚಾರವಲ್ಲ. 1998ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 5,000 ಡಾಲರ್ ಪ್ರವೇಶ ಶುಲ್ಕದ ಲಿಮಿಟ್ ಹೋಲ್ಡೆಮ್ (ಪೋಕರ್‌ನ ಒಂದು ಬಗೆ) ಗೆದ್ದು, ವಿಜೇತರಿಗೆ ಕೊಡುವ ಬ್ರೇಸ್‌ಲೆಟ್ ಪಡೆದರು. ಬಹುಮಾನ 2,24,000 ಡಾಲರ್. ಲಿಮಿಟ್ ಅಂದರೆ ಪಣದ ಮೊತ್ತ ನಿಗದಿ: ಮೊದಲ ಎರಡು ಸುತ್ತಿಗೆ ಸಣ್ಣ ಬೆಟ್, ಕೊನೆಯ ಎರಡಕ್ಕೆ ಅದರ ಎರಡರಷ್ಟು. ಇದ್ದಬದ್ದದ್ದೆಲ್ಲ ಒಂದೇ ಸಲ ಮುಂದಿಟ್ಟು ಎದುರಾಳಿಯನ್ನು ಹೆದರಿಸಲಾಗದು. ಪಾಟ್‌ನಲ್ಲಿ (ಎಲ್ಲರೂ ಹಾಕಿದ ಪಣದ ಒಟ್ಟು ಮೊತ್ತ) 6 ದೊಡ್ಡ ಬೆಟ್ ಸೇರಿರುವಾಗ ನೀವು ಇನ್ನೊಂದು ಹಾಕಿ ಬ್ಲಫ್ ಮಾಡಿದರೆ, ಅಂದರೆ ಎಲೆ ಚೆನ್ನಾಗಿಲ್ಲದಿದ್ದರೂ ಇರುವಂತೆ ನಟಿಸಿದರೆ, ಅವನು 1 ಕೊಟ್ಟು 7 ಗೆಲ್ಲಬಹುದು. 8ರಲ್ಲಿ ಒಂದು ಸಲ ಗೆದ್ದರೂ ಅವನಿಗೆ ನಷ್ಟವಿಲ್ಲ. ಹೊಸಬರು ಸೋಲುವುದು ಇಲ್ಲೇ. ಇಲ್ಲಿ ಬೇಕಾದದ್ದು ಲೆಕ್ಕ, ತಾಳ್ಮೆ.

ಉತ್ತರ 3: ನಟನೆಯನ್ನೂ ಬಿಟ್ಟಿಲ್ಲ. ‘ಲ ಪ್ರೆನೋಂ’ ನಾಟಕದಲ್ಲಿ 2010ರಲ್ಲಿ ಮಾಡಿದ ವ್ಯಾನ್ಸಾನ್ ಪಾತ್ರವನ್ನೇ 2012ರ ಚಿತ್ರದಲ್ಲೂ ಮಾಡಿದರು. ಇವರನ್ನು ನೋಡಲು ಅಲ್ಲಿಂದ ಶುರುಮಾಡಿ.