ಮಗ್ಗದ ಶೆಡ್ಡನ್ನು ಮನೆ ಮಾಡಿಕೊಂಡವರು ಯಾರಾದರೂ ಇದ್ದೀರಾ?

ದೊಡ್ಡಬಳ್ಳಾಪುರದಲ್ಲಿ ನಮ್ಮ ತಂದೆಯ ಪವರ್‌ಲೂಮ್ ಶೆಡ್ ಇದೆ. 30×50 ಅಡಿ. ಇಟ್ಟಿಗೆ ಗೋಡೆ, ಚಾವಣಿ ಹೊರುವ ಕಬ್ಬಿಣದ ಟ್ರಸ್, ಮೇಲೆ ಹಳೇ ಸಿಮೆಂಟ್ ಶೀಟ್. ಮಗ್ಗ ಮಾರಿ ಎರಡು ವರ್ಷವಾಯಿತು. ಕೆಡವಲು ಮನಸ್ಸಿಲ್ಲ. ಇಟ್ಟಿಗೆ, ಕಬ್ಬಿಣ ಎಲ್ಲ ಕಾಣುವ ಹಾಗೆಯೇ ಇಂಡಸ್ಟ್ರಿಯಲ್ ಸ್ಟೈಲ್‌ನಲ್ಲಿ ಮನೆ ಮಾಡಬೇಕು ಅಂತಿದ್ದೇವೆ. ಮಾಡಿದವರು ಎಲ್ಲೆಲ್ಲಿ ಎಡವಿದಿರಿ, ಹೇಳಿ.

ಹುಬ್ಬಳ್ಳಿಯಿಂದ:
ನಾವು ಹತ್ತಿ ಗೋಡೌನ್ ಒಂದನ್ನು ಮನೆ ಮಾಡಿ ಆರು ವರ್ಷವಾಯಿತು. ಮೊದಲ ಮಾತು, ಶೀಟಿಗೆ ಡ್ರಿಲ್ ಹಾಕಿಸಬೇಡಿ. ಹಳೇ ಸಿಮೆಂಟ್ ಶೀಟ್ ಅಂದರೆ ಒಳಗೆ ಕಲ್ನಾರು (ಆಸ್‌ಬೆಸ್ಟಾಸ್) ಇರುತ್ತದೆ. ಕೊರೆದರೆ, ಒಡೆದರೆ ಏಳುವ ದೂಳು ಶ್ವಾಸಕೋಶದ ಕ್ಯಾನ್ಸರ್ ತರುವಂಥದ್ದು. ನೀರು ಹಾಕಿ ನೆನೆಸಿ, ಹುಕ್ ಬೋಲ್ಟ್ ಕತ್ತರಿಸಿ, ಇಡೀ ಶೀಟನ್ನೇ ಒಡೆಯದೆ ಇಳಿಸಬೇಕು. ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಆಮೇಲೆ 50 ಮಿ.ಮೀ. ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ) ಹಾಕಿಸಿ. ನಾವು ದುಡ್ಡು ಉಳಿಸೋಣ ಅಂತ ಬರೀ ತಗಡು ಹಾಕಿಸಿದೆವು. ಏಪ್ರಿಲ್ ಮಧ್ಯಾಹ್ನ ಅಟ್ಟದ ಮೇಲಿನ ಮಂಚಕ್ಕೆ ಕೈ ಇಟ್ಟರೆ ಬಿಸಿ. ಮಳೆ ಬಂದರೆ ಫೋನಿನಲ್ಲಿ ಮಾತಾಡೋದಕ್ಕೂ ಆಗುತ್ತಿರಲಿಲ್ಲ. ಮೂರನೇ ವರ್ಷ ಎಲ್ಲ ಬಿಚ್ಚಿಸಿ ಪ್ಯಾನೆಲ್ ಹಾಕಿಸಿದೆವು. ಎರಡು ಸಲ ಕೂಲಿ.

ಇನ್ನೊಂದು, ಸದ್ದು. ಕುಕ್ಕರ್ ಸೀಟಿ ಹೊಡೆದರೆ ಆ ಕಡೆ ಮಲಗಿದ ಮಗು ಎದ್ದು ಕೂರುತ್ತಿತ್ತು. ನವಲಗುಂದದ ಜಮಖಾನ ಎರಡು ತಂದು ಗೋಡೆಗೆ ತೂಗುಹಾಕಿದೆವು, ದಪ್ಪ ಪರದೆ ಬಿಟ್ಟೆವು. ಈಗ ತಡೆದುಕೊಳ್ಳಬಹುದು. ಅಡುಗೆಮನೆಯನ್ನಂತೂ ಮುಚ್ಚಿಸಿಬಿಡಿ. ಒಗ್ಗರಣೆ ಜಿಡ್ಡು ನೇರ ಟ್ರಸ್‌ಗೆ ಹೋಗಿ ಕೂರುತ್ತದೆ. ಒರೆಸಲು ಏಣಿ ಹತ್ತೋರು ಯಾರು?

ಮಂಗಳೂರಿನಿಂದ:
ನಮ್ಮದು ಹೆಂಚಿನ ಗೋಡೌನ್. ಇಟ್ಟಿಗೆ ಕಾಣಲಿ ಅಂತ ನಾಲ್ಕೂ ಗೋಡೆಯ ಗಾರೆ ಕೆತ್ತಿಸಿದ್ದೇ ತಪ್ಪಾಯಿತು. ಗಾರೆ ಬರುತ್ತದೆ ಅಂತ ಗೊತ್ತಿದ್ದೇ ಕಟ್ಟಿದ ಗೋಡೆ ಅದು, ಅರ್ಧ ಇಟ್ಟಿಗೆ ಸೊಟ್ಟ, ಅರ್ಧ ತುಂಡು. ಕೆಲಸದವರು ಗ್ರೈಂಡರ್ ಹಿಡಿದರು. ಇಟ್ಟಿಗೆಯ ಸುಟ್ಟ ಮೇಲ್ಮೈ ಹೋಯಿತು. ದಿನಾ ಬೆಳಿಗ್ಗೆ ಹಾಸಿಗೆ ಮೇಲೆ ಕೆಂಪು ಪುಡಿ! ಅದಕ್ಕೆ ಹೊಳಪಿನ ಸೀಲರ್ ಬಳಿಸಿದೆವು. ಆಷಾಢ ಮುಗಿಯೋದರೊಳಗೆ ಅದರ ಕೆಳಗೆ ಬಿಳಿ ಉಪ್ಪು ಎದ್ದು ಪದರ ಪದರ ಕಿತ್ತು ಬಂತು. ತೇವಕ್ಕೆ ಹೊರಗೆ ಹೋಗಲು ದಾರಿಯೇ ಇರಲಿಲ್ಲವಲ್ಲ. ಈಗ ಮಳೆ ಹೊಡೆಯುವ ಪಡುವಣ ಗೋಡೆಗೆ ಮತ್ತೆ ಸುಣ್ಣದ ಗಾರೆ ಹಾಕಿಸಿದ್ದೇವೆ. ಒಳಗಿನ ಒಂದೇ ಗೋಡೆ ಇಟ್ಟಿಗೆಯದ್ದು. ಒಂದು ಸಾಕು, ನಿಜಕ್ಕೂ.

ಅಂದಹಾಗೆ, ನ್ಯೂಯಾರ್ಕಿನ ಸೋಹೊದಲ್ಲಿ 1960ರ ದಶಕದಲ್ಲಿ ಖಾಲಿ ಕಾರ್ಖಾನೆಗಳಿಗೆ ಕಲಾವಿದರು ಸೇರಿಕೊಂಡಿದ್ದು ಬಾಡಿಗೆ ಕಮ್ಮಿ ಅಂತ. ನಾವು ಅದೇ ನೋಟಕ್ಕೆ ಸಾಲ ಮಾಡುತ್ತಿದ್ದೇವೆ!

ವೈರಿಂಗ್ ಕೆಲಸ ಮಾಡುವವನು:
ಮೀಟರ್ ವಿಷಯ ಯಾರೂ ಹೇಳಲಿಲ್ಲ. ಮಗ್ಗದ ಕನೆಕ್ಷನ್‌ನಲ್ಲೇ ಮನೆ ನಡೆಸಬೇಡಿ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ದರ ಹಾಕುತ್ತಾರೆ. ಬೆಸ್ಕಾಂಗೆ ಅರ್ಜಿ ಕೊಟ್ಟು ಮನೆ ಮೀಟರಿಗೆ ಬದಲಾಯಿಸಿಕೊಳ್ಳಿ. ಖಾತೆಯಲ್ಲಿ ಜಾಗ ಏನೆಂದಿದೆ ಅನ್ನೋದನ್ನೂ ನೋಡಿ. ಗೋಡೆ ಮೇಲೆ ಪೈಪ್ ಕಾಣಬೇಕು ಅಂದರೆ ಎಲ್ಲಿ ಯಾವ ಸ್ವಿಚ್ ಅಂತ ಮೊದಲೇ ಸೀಮೆಸುಣ್ಣದಲ್ಲಿ ಬರೆದು ತೋರಿಸಿ. ಮುಚ್ಚೋದಕ್ಕೆ ಗಾರೆ ಇರಲ್ಲ, ತಪ್ಪೆಲ್ಲ ಎದ್ದು ಕಾಣುತ್ತದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮಗ್ಗ ಕೂರಿಸಿದ್ದ ಬೋಲ್ಟ್‌ಗಳು ನೆಲದಲ್ಲೇ ಇವೆ. ಕೀಳಿಸೋದಾ? ಎಣ್ಣೆ ಕಲೆ ಬೇರೆ. ಎಪಾಕ್ಸಿ ಬಳಿದರೆ ಮುಚ್ಚುತ್ತಾ?

ಹುಬ್ಬಳ್ಳಿಯಿಂದ:
ಎಣ್ಣೆ ಕುಡಿದ ನೆಲಕ್ಕೆ ಎಪಾಕ್ಸಿ ಕಚ್ಚಲ್ಲ, ಸುಲಿದು ಬರುತ್ತದೆ. ಕಲೆ ಇರುವಷ್ಟು ಕೆತ್ತಿಸಿ ಹೊಸ ಕಾಂಕ್ರೀಟ್ ಹಾಕಿಸಿ. ಬೋಲ್ಟ್ ಬುಡವನ್ನು ನೆಲಕ್ಕಿಂತ ಒಂದಿಂಚು ಕೆಳಕ್ಕೆ ಕತ್ತರಿಸಿ ಮುಚ್ಚಿಸಿ. ನೆಲದ ಮಟ್ಟಕ್ಕೆ ಕತ್ತರಿಸಿದರೆ ತುಕ್ಕು ಉಬ್ಬಿ ಮೇಲೇಳುತ್ತದೆ. ನಮ್ಮ ಮನೆಯಲ್ಲಿ ಅಂಥದ್ದು ಒಂದು ಉಳಿದುಕೊಂಡಿದೆ, ಬಚ್ಚಲಿಗೆ ಹೋಗುವ ದಾರಿಯಲ್ಲೇ.