ಜೈಲಿಗೆ ಹೋದದ್ದು ಪಾದ್ರಿಯಲ್ಲ

ಚಿಕ್ಕಪ್ಪ: (ಫಾರ್ವರ್ಡ್) "ಅಮೆರಿಕದಲ್ಲಿ ಸಲಿಂಗಿಗಳ ಮದುವೆ ಮಾಡಿಸಲ್ಲ ಅಂದ ಪಾದ್ರಿಗೆ ಜೈಲು! ಎಲ್ಲರಿಗೂ ಕಳಿಸಿ."

ಅಕ್ಕ: ಯಾವ ಪಾದ್ರಿ, ಯಾವ ಊರು ಚಿಕ್ಕಪ್ಪ? ಅದರಲ್ಲಿ ಒಂದೂ ಇಲ್ಲವಲ್ಲ.

ಚಿಕ್ಕಪ್ಪ: ಯಾರೋ ಹೆಂಗಸನ್ನು ಒಳಗೆ ಹಾಕಿದ್ದು ನಿಜ ತಾನೆ?

ನಾನು: ನಿಜ. 2015, ಕೆಂಟಕಿ. ಆದರೆ ಕಿಮ್ ಡೇವಿಸ್ ಪಾದ್ರಿ ಅಲ್ಲ, ಮದುವೆ ಲೈಸೆನ್ಸ್ ಕೊಡುವ ಕೌಂಟಿ ಕ್ಲರ್ಕ್. ಸಲಿಂಗಿಗಳೂ ಮದುವೆಯಾಗಬಹುದು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಯಾರಿಗೂ ಲೈಸೆನ್ಸೇ ಕೊಡಲ್ಲ ಅಂತ ಕೂತರು, ಗಂಡು-ಹೆಣ್ಣು ಜೋಡಿಗೂ! ಕೋರ್ಟ್ ಆದೇಶ ಮೀರಿದ್ದಕ್ಕೆ ಐದು ದಿನ ಜೈಲು.

ಅತ್ತೆ: ಮನಸ್ಸು ಒಪ್ಪದಿದ್ದರೆ ಏನು ಮಾಡಬೇಕಿತ್ತು ಪಾಪ? ಕೆಲಸ ಬಿಡಬೇಕಾ?

ನಾನು: ಬೇಕಿರಲಿಲ್ಲ ಅತ್ತೆ. ಆ ಕಾಗದದ ಮೇಲೆ ತನ್ನ ಹೆಸರು ಬರುತ್ತೆ ಅನ್ನೋದು ಅವರ ತಕರಾರು. 2016ರಲ್ಲಿ ಫಾರಮ್ಮಿನಿಂದ ಕ್ಲರ್ಕ್ ಹೆಸರನ್ನೇ ತೆಗೆದುಹಾಕಿದರು. ಇಷ್ಟೇ ಕೆಲಸಕ್ಕೆ ಅಷ್ಟು ರಾದ್ಧಾಂತ.

ಚಿಕ್ಕಪ್ಪ: ಸರಿ, ಸಲಿಂಗಿ ಜೋಡಿಯ ಮದುವೆಗೆ ಕೇಕ್ ಮಾಡಲ್ಲ ಅಂದ ಆ ಕೊಲೊರಾಡೊದ ಅಂಗಡಿಯವನು ಸರ್ಕಾರಿ ನೌಕರನಲ್ಲವಲ್ಲ? ಅವನನ್ನು ಯಾಕೆ ಎಳೆದಾಡಿದರು?

ಅಕ್ಕ: ಅವನು 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ, 7-2 ಬಹುಮತದಲ್ಲಿ.

ನಾನು: ಯಾಕೆ ಗೆದ್ದ ಅಂತಲೂ ಹೇಳು. ಕೊಲೊರಾಡೊ ರಾಜ್ಯದ ನಾಗರಿಕ ಹಕ್ಕುಗಳ ಆಯೋಗ ಅವನ ನಂಬಿಕೆಯನ್ನೇ ಹೀಯಾಳಿಸಿತು ಅಂತ. ಕೇಕ್ ಮಾಡಲ್ಲ ಅನ್ನುವ ಹಕ್ಕು ಇದೆಯೋ ಇಲ್ಲವೋ, ಅದನ್ನು ಕೋರ್ಟ್ ಮುಟ್ಟಲೇ ಇಲ್ಲ. ನನ್ನ ಲೆಕ್ಕ ಇಷ್ಟೇ: ಗಾಜಿನ ಪೆಟ್ಟಿಗೆಯಲ್ಲಿಟ್ಟ ಕೇಕನ್ನು ನಿಮಗೆ ಮಾರಲ್ಲ ಅಂದರೆ ತಪ್ಪು. ಆದರೆ ಕೇಕ್ ಮೇಲೆ ಇಂಥದ್ದೇ ಬರಿ ಅಂತ ನಾನಾದರೆ ಬಲವಂತ ಮಾಡಲ್ಲ.

ಅಕ್ಕ: ಏನು ಬರೀಬೇಕು ಅನ್ನೋ ಮಾತೇ ಅಲ್ಲಿ ಬಂದಿರಲಿಲ್ಲ ಕಣೋ. ಯಾರ ಮದುವೆ ಅಂತ ಗೊತ್ತಾದ ಕೂಡಲೇ ಇಲ್ಲ ಅಂದ. ಅವತ್ತು ಆ ಜೋಡಿಯಲ್ಲಿ ಒಬ್ಬನ ತಾಯಿಯೂ ಜೊತೆಗೆ ಹೋಗಿದ್ದರು. ಮಾರನೇ ದಿನ ಅವರೇ ಅಂಗಡಿಗೆ ಫೋನ್ ಮಾಡಿ, ಯಾಕೆ ಮಾಡಲ್ಲ ಅಂತ ಕೇಳಿದರು.

ಅತ್ತೆ: ಮಗನ ಮದುವೆಗೆ ಕೇಕ್ ಹೇಳೋಕೆ ಹೋಗಿ ಹಾಗೆ ಅನ್ನಿಸಿಕೊಂಡು ಬರೋದಾ?

ಅಕ್ಕ: 2023ರಲ್ಲಿ, ಸಲಿಂಗಿಗಳ ಮದುವೆಗೆ ವೆಬ್‌ಸೈಟ್ ಮಾಡಲ್ಲ ಅಂದ ಡಿಸೈನರ್ ಒಬ್ಬಳೂ ಅದೇ ಕೋರ್ಟಿನಲ್ಲಿ ಗೆದ್ದಳು, 6-3. ಅದೂ ಧರ್ಮದ ಹೆಸರಲ್ಲಿ ಅಲ್ಲ, ಮಾತಿನ ಸ್ವಾತಂತ್ರ್ಯದ ಹೆಸರಲ್ಲಿ. ಇವನ ಲೆಕ್ಕದಲ್ಲಿ ನಾಳೆ ಹೂ ಜೋಡಿಸುವವರು, ಫೋಟೋ ತೆಗೆಯುವವರು ಎಲ್ಲರೂ ಕಲಾವಿದರೇ. ಆ ಜೋಡಿ ಎಷ್ಟು ಅಂಗಡಿ ಅಲೆಯಬೇಕು?

ಚಿಕ್ಕಪ್ಪ: ತಾಯಿಯ ವಿಷಯ ಗೊತ್ತಿರಲಿಲ್ಲ. ಆದರೂ ಪಾದ್ರಿಗೆ ಒತ್ತಾಯ ಮಾಡಬಾರದು.

ನಾನು: ಯಾರೂ ಮಾಡುತ್ತಿಲ್ಲ ಚಿಕ್ಕಪ್ಪ. ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡುವ ಅಮೆರಿಕದ 2022ರ ಕಾನೂನಿನಲ್ಲೇ ಇದೆ, ಚರ್ಚಾಗಲಿ ಮಸೀದಿಯಾಗಲಿ ಇಂಥ ಮದುವೆಗೆ ಜಾಗ ಕೊಡಲೇಬೇಕು ಅಂತಿಲ್ಲ.

ಚಿಕ್ಕಪ್ಪ: ಹಾಗಾದರೆ ಇದನ್ನು ಕಳಿಸಿದವನಿಗೆ ಹೇಳುತ್ತೇನೆ. ಕೇಕ್ ವಿಷಯ ಮಾತ್ರ ಒಪ್ಪಿಲ್ಲ.

ಅಕ್ಕ: ನಾನೂ ಒಪ್ಪಿಲ್ಲ. ನಿಮ್ಮನ್ನಲ್ಲ, ಇವನನ್ನ.