ಅಪ್ಪನಿಗೆ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್‌ನಲ್ಲಿ ಒಂದು ರೌಂಡ್ ಗಾಲ್ಫ್ ಆಡಿಸ್ಬೇಕು, ಒಬ್ರೇ ಇದ್ರೆ ಚಾನ್ಸ್ ಸಿಗತ್ತಾ?

ಬೆಳ್ಳಿಮೋಡ_ಎಸ್

ಎಲ್ರಿಗೂ ನಮಸ್ಕಾರ. ನಾನು ಎಡಿನ್‌ಬರಾದಲ್ಲಿ ಕೆಲ್ಸ ಮಾಡ್ತಿದೀನಿ, ಎರಡು ವರ್ಷ ಆಯ್ತು. ಮುಂದಿನ ಜೂನ್‌ನಲ್ಲಿ ಅಪ್ಪ ಅಮ್ಮ ಮೂರು ವಾರಕ್ಕೆ ಬರ್ತಿದಾರೆ. ಅಪ್ಪಂಗೆ 67, ಮೂವತ್ತು ವರ್ಷದಿಂದ ಗಾಲ್ಫ್ ಆಡ್ತಾರೆ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರ್ಸೋ ಅಂಕಿ, ಕಮ್ಮಿ ಇದ್ದಷ್ಟೂ ಒಳ್ಳೇದು) 21. 2000ದಲ್ಲಿ ಅಲ್ಲೇ ನಡೆದ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ಟೈಗರ್ ವುಡ್ಸ್ ನಾಲ್ಕೂ ದಿನ ಒಂದು ಬಂಕರ್‌ಗೂ (ಮರಳು ಗುಂಡಿಗೂ) ಬೀಳದೆ ಎಂಟು ಸ್ಟ್ರೋಕ್ (ಹೊಡೆತ) ಅಂತರದಲ್ಲಿ ಗೆದ್ದಿದ್ದನ್ನ ಟಿವಿಲಿ ನೋಡಿದ್ರಲ್ಲ, ಆಗಿಂದ ಮನೇಲಿ ಯಾವಾಗ ಗಾಲ್ಫ್ ಮಾತು ಬಂದ್ರೂ ಕೊನೆಗೆ ಸೇಂಟ್ ಆಂಡ್ರೂಸ್‌ಗೇ ಬಂದು ನಿಲ್ಲತ್ತೆ. ಅವ್ರು ಬಾಯ್ಬಿಟ್ಟು ಕೇಳಿಲ್ಲ, ಕೇಳೋರೂ ಅಲ್ಲ. ಆದ್ರೆ ವೀಸಾ ಬಂತು ಅಂದ ದಿನ ಫೋನಲ್ಲಿ "ಆ ಊರು ನಿಮ್ಮನೆಯಿಂದ ಎಷ್ಟು ದೂರ" ಅಂತ ಮಾತ್ರ ಕೇಳಿದ್ರು, ನಂಗೆ ಅರ್ಥ ಆಯ್ತು.

ತೊಂದ್ರೆ ಏನಂದ್ರೆ ನಾನಾಗ್ಲಿ ಅಮ್ಮ ಆಗ್ಲಿ ಗಾಲ್ಫ್ ಆಡಲ್ಲ. ಬ್ಯಾಲಟ್‌ಗೆ (ಆಡೋ ಜಾಗಕ್ಕೆ ಚೀಟಿ ಎತ್ತೋ ಪದ್ಧತಿ) ಕನಿಷ್ಠ ಇಬ್ರು ಆಟಗಾರರು ಬೇಕು ಅಂತ ಓದಿದೆ. ಹಾಗಾದ್ರೆ ಒಬ್ರೇ ಇರೋರು ಏನ್ ಮಾಡ್ಬೇಕು? ಎಷ್ಟು ದಿನ ಅಲ್ಲಿ ಉಳ್ಕೊಂಡ್ರೆ ಸಿಗ್ಬಹುದು? ಮಂಡಿ ನೋವಿದೆ, ನಿಧಾನಕ್ಕೆ ನಡೀತಾರೆ, 18 ಹೋಲ್ (ಪೂರ್ತಿ ರೌಂಡ್) ಆಗತ್ತಾ? ನಾನು ಜೊತೇಲಿ ನಡೀಬಹುದಾ? ಸಿಗ್ಲೇ ಇಲ್ಲ ಅಂದ್ರೆ ಅವ್ರು ಬೇಜಾರಾಗದ ಹಾಗೆ ಆ ದಿನಗಳನ್ನ ಹೇಗೆ ಕಳೀಬಹುದು? ಹೋಗಿ ಆಡಿರೋರು ಇದ್ರೆ ದಯವಿಟ್ಟು ಬರೀರಿ.

ಹಸಿರುಹಾದಿ

ಮೇಡಂ, ನಾನು ಎರಡು ಸಲ ಆಡಿದೀನಿ, ಒಂದ್ಸಲ ಬ್ಯಾಲಟ್‌ನಲ್ಲಿ ಸಿಕ್ತು, ಒಂದ್ಸಲ ಒಬ್ನೇ ಹೋಗಿ ಸಿಕ್ತು, ಹಾಗಾಗಿ ಎರಡೂ ದಾರಿ ಗೊತ್ತು.

ಬ್ಯಾಲಟ್ ಅಂದ್ರೆ ಆಡ್ಬೇಕಾದ ದಿನಕ್ಕಿಂತ ಎರಡು ದಿನ ಮುಂಚೆ, ಮಧ್ಯಾಹ್ನ 2 ಗಂಟೆ ಒಳಗೆ ಹೆಸರು ಕೊಡೋದು, ಸಂಜೆ ರಿಸಲ್ಟ್ ಬರತ್ತೆ. ನೀವು ಓದಿದ್ದು ಸರಿ, ಇಬ್ರಿಂದ ನಾಲ್ಕು ಜನ ಇರ್ಬೇಕು. ಒಬ್ರೇ ಇರೋರಿಗೆ ಬೇರೆ ದಾರಿ. ಮೊದ್ಲು ರಾತ್ರಿಯೆಲ್ಲಾ ಚಳಿಲಿ ಕ್ಯೂ ನಿಂತು, ಬೆಳಿಗ್ಗೆ ಯಾವ ಗುಂಪಲ್ಲಿ ಒಂದು ಜಾಗ ಖಾಲಿ ಇದ್ಯೋ ಅದಕ್ಕೆ ಸೇರಿಸ್ತಿದ್ರು, ನಾನು ಆಡಿದ್ದು ಹಾಗೇ, ರಾತ್ರಿ ಒಂದೂವರೆಗೆ ಹೋಗಿ ನಿಂತಿದ್ದೆ. 67 ವಯಸ್ಸಿನೋರಿಗೆ ಅದು ಹೇಳೋ ಮಾತಲ್ಲ. ಪುಣ್ಯಕ್ಕೆ 2024ರಿಂದ ಅದನ್ನ ನಿಲ್ಸಿದ್ರು. ಈಗ ಹಿಂದಿನ ದಿನ ಆಟಗಾರ್ರೇ ಖುದ್ದಾಗಿ ಹೋಗಿ ಹೆಸರು ಕೊಡ್ಬೇಕು, ಕಂಪ್ಯೂಟರಲ್ಲಿ ಡ್ರಾ ಆಗತ್ತೆ. ಖುದ್ದಾಗಿ ಅನ್ನೋದು ಮುಖ್ಯ, ನೀವು ಎಡಿನ್‌ಬರಾದಲ್ಲಿ ಕೂತು ಫೋನಲ್ಲಿ ಮಾಡಕ್ಕಾಗಲ್ಲ, ಹಾಗಾಗಿ ಊರಲ್ಲೇ ರೂಮ್ ಮಾಡಿ.

ಇನ್ನೊಂದು ದಾರಿ ಹೇಳ್ತೀನಿ, ತುಂಬಾ ಜನಕ್ಕೆ ಹೊಳೆಯಲ್ಲ. ಆ ಊರಲ್ಲಿ ಒಬ್ಬೊಬ್ರೇ ಬಂದ ಗಾಲ್ಫರ್ಸ್ ಬೇಕಾದಷ್ಟು ಜನ ಇರ್ತಾರೆ. ಗೆಸ್ಟ್ ಹೌಸಲ್ಲಿ ತಿಂಡಿ ತಿನ್ನೋವಾಗ, ಪಟ್ಟಿಂಗ್ ಗ್ರೀನ್ (ಚೆಂಡು ಉರುಳ್ಸಿ ಗುಂಡಿಗೆ ಹಾಕೋ ಅಭ್ಯಾಸದ ಜಾಗ) ಹತ್ರ ಅಪ್ಪ ಯಾರ ಜೊತೆಗಾದ್ರೂ ಮಾತಿಗೆ ಬೀಳ್ಲಿ. ಇಬ್ರು ಸೇರಿದ್ರೆ ಬ್ಯಾಲಟ್ ಹಾಕ್ಬಹುದು, ಜೊತೆಗೆ ಸಿಂಗಲ್ಸ್ ಡ್ರಾನೂ ಇದ್ದೇ ಇದೆ.

ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ತಪ್ಪದೆ ತರಕ್ಕೆ ಹೇಳಿ, 21 ಅಂದ್ರೆ ಏನೂ ತೊಂದ್ರೆ ಇಲ್ಲ. ದುಡ್ಡು 2025ರ ಸೀಸನ್‌ನಲ್ಲಿ 340 ಪೌಂಡ್ ಇತ್ತು, ಕ್ಯಾಡಿ (ಬ್ಯಾಗ್ ಹೊತ್ಕೊಂಡು ದಾರಿ ಹೇಳೋರು) ಬೇರೆ. ಭಾನುವಾರ ಕೋರ್ಸ್ ಮುಚ್ಚಿರತ್ತೆ, ಅದನ್ನ ಲೆಕ್ಕದಲ್ಲಿಟ್ಕೊಂಡು ಪ್ಲಾನ್ ಮಾಡಿ. ನನ್ನ ಕೇಳಿದ್ರೆ ಶನಿವಾರ ಹೋಗಿ ಗುರುವಾರದವರೆಗಾದ್ರೂ ಇರಿ. ನಿಮ್ಮಲ್ಲಿಂದ ಲೂಕರ್ಸ್‌ಗೆ ಟ್ರೈನ್ ಒಂದು ಗಂಟೆ, ಅಲ್ಲಿಂದ ಬಸ್ಸು. ಸೇಂಟ್ ಆಂಡ್ರೂಸ್‌ಗೇ ಟ್ರೈನ್ ಇಲ್ಲ, 1969ರಲ್ಲೇ ನಿಲ್ಸಿದ್ರು.

ಜೊತೇಲಿ ನಡೆಯೋದು: ಒಂದ್ಸಲ ನನ್ನ ಹೆಂಡ್ತಿ 18 ಹೋಲೂ ನನ್ ಜೊತೆ ನಡೆದ್ಲು. ಶುರುವಲ್ಲೇ ಸ್ಟಾರ್ಟರ್ (ಗುಂಪುಗಳನ್ನ ಆಟಕ್ಕೆ ಬಿಡೋರು) ಹತ್ರ, ಗುಂಪಿನ ಉಳಿದೋರ ಹತ್ರ ಒಂದು ಮಾತು ಕೇಳ್ಕೊಳ್ಳಿ ಅಷ್ಟೇ.

ಗಾಳಿದಿಕ್ಕು

ಜಾಗ ಸಿಗೋದ್ರ ಬಗ್ಗೆ ಮೇಲಿನೋರು ಹೇಳಿದಾರೆ, ನಾನು ಆಟದ ಬಗ್ಗೆ ಬರೀತೀನಿ, ಯಾಕಂದ್ರೆ ಕಷ್ಟಪಟ್ಟು ಟೈಮ್ ಸಿಕ್ಕಿ, ಆಮೇಲೆ ಒಳನಾಡಿನ ಕೋರ್ಸ್‌ನಲ್ಲಿ ಆಡೋ ಹಾಗೇ ಆಡಿದ್ರೆ ಅಪ್ಪಂಗೆ ಆ ನೆಲದ ಸುಖ ಸಿಗಲ್ಲ.

ಲಿಂಕ್ಸ್ ಅಂದ್ರೆ ಸಮುದ್ರಕ್ಕೂ ಉಳುಮೆ ಹೊಲಕ್ಕೂ ನಡುವೆ ಉಳಿದಿರೋ ಮರಳು ಜಮೀನು. ಬೆಳೆ ಬರಲ್ಲ, ಕುರಿ ಮೇಯತ್ತೆ, ಮೊಲ ಬಿಲ ತೋಡತ್ತೆ, ಅಂಥ ಕಡೆ ಜನ ಚೆಂಡು ಹೊಡ್ಕೊಂಡು ಹೋದ್ರು. ಮರಳು ಆಗಿರೋದ್ರಿಂದ ಮಳೆ ನೀರು ಸರ್ರನೆ ಇಳ್ದು ಹೋಗತ್ತೆ, ಮೇಲಿನ ಹುಲ್ಲು ಸಣ್ಣ, ನೆಲ ಗಟ್ಟಿ. ಹಾಗಾಗಿ ಚೆಂಡು ಬಿದ್ದ ಮೇಲೇನೇ ಆಟ ಶುರು. ಎತ್ತರಕ್ಕೆ ಹೊಡೆದ್ರೆ ಗಾಳಿ ಎತ್ಕೊಂಡು ಹೋಗತ್ತೆ, ಗ್ರೀನ್ (ಗುಂಡಿ ಇರೋ ನುಣ್ಣನೆ ಹುಲ್ಲಿನ ಜಾಗ) ಮೇಲೇ ಇಳಿಸ್ತೀನಿ ಅಂದ್ರೆ ಪುಟಿದು ಹಿಂದಕ್ಕೆ ಓಡತ್ತೆ. ಇಪ್ಪತ್ತು ಮೂವತ್ತು ಗಜ ಮುಂಚೆ ಬೀಳ್ಸಿ ಉರುಳ್ಕೊಂಡು ಹೋಗಕ್ಕೆ ಬಿಡ್ಬೇಕು. ಗ್ರೀನ್ ಆಚೆಯಿಂದಾನೇ ಪಟ್ಟರ್ (ಚೆಂಡು ಉರುಳ್ಸೋ ಕೋಲು) ತಗೊಳ್ಳಕ್ಕೆ ಸಂಕೋಚ ಬೇಡ ಅಂತ ಹೇಳಿ, ಅಲ್ಲಿ ಎಲ್ರೂ ಹಾಗೇ ಮಾಡ್ತಾರೆ. ನಿಜ ಹೇಳ್ಬೇಕಂದ್ರೆ 67ರ ವಯಸ್ಸಿಗೆ, ದೂರ ಹೊಡೆಯೋ ಶಕ್ತಿ ಕಮ್ಮಿ ಆಗಿರೋರಿಗೆ ಈ ಥರದ ಕೋರ್ಸ್ ತುಂಬಾ ದೊಡ್ಡ ಮನಸ್ಸಿಂದು, ಗಟ್ಟಿ ನೆಲ ಅವ್ರ ಚೆಂಡನ್ನ ತಾನೇ ಮುಂದಕ್ಕೆ ಹೊತ್ಕೊಂಡು ಹೋಗತ್ತೆ.

ಬಂಕರ್ 112 ಇದೆ, ಅರ್ಧಕ್ಕರ್ಧ ಟೀ (ಮೊದಲ ಹೊಡೆತ ಹೊಡೆಯೋ ಜಾಗ) ಮೇಲಿಂದ ಕಾಣಲ್ಲ. ಅದಕ್ಕೇ ಕ್ಯಾಡಿ ತಗೊಳ್ಳಿ, ದುಡ್ಡು ಉಳಿಸ್ಬೇಕಂದ್ರೆ ಬೇರೆ ಕಡೆ ಉಳಿಸಿ. ಅವ್ರು ದೂರದ ಚರ್ಚ್ ಗೋಪುರ ತೋರ್ಸಿ "ಅಲ್ಲಿಗೆ ಹೊಡೀರಿ" ಅಂತಾರೆ, ಕಣ್ಣಿಗೆ ಬರೀ ಪೊದೆ ಕಾಣ್ತಿರತ್ತೆ, ಆದ್ರೂ ನಂಬಿ ಹೊಡೀಬೇಕು. ಅನುಮಾನ ಬಂದ್ರೆ ಎಡಕ್ಕೆ, ಅದೊಂದು ನೆನಪಿರ್ಲಿ, ಬಲಗಡೆ ಮುಳ್ಳುಪೊದೆ, ಔಟ್ ಆಫ್ ಬೌಂಡ್ಸ್ (ಆಟದ ಗಡಿ ಆಚೆ) ಎಲ್ಲಾ ಇರೋದು. ಬಂಕರ್‌ಗೆ ಬಿದ್ರೆ ಮುಂದಕ್ಕೆ ಹೊಡೆಯೋ ಆಸೆ ಬಿಟ್ಟು ಪಕ್ಕಕ್ಕೋ ಹಿಂದಕ್ಕೋ ಹೊರಗೆ ಬರೋದು. 14ನೇ ಹೋಲ್‌ನ ಹೆಲ್ ಬಂಕರ್‌ನಲ್ಲಿ 1995ರ ಓಪನ್‌ನಲ್ಲಿ ಜ್ಯಾಕ್ ನಿಕ್ಲಾಸ್‌ಗೇ ಹೊರಗೆ ಬರಕ್ಕೆ ನಾಲ್ಕು ಹೊಡೆತ ಬೇಕಾಯ್ತು, ಆ ಹೋಲ್‌ನಲ್ಲಿ 10 ಬರೆದ್ರು. ಅದೇ ನೆಲದಲ್ಲಿ ಎರಡು ಸಲ ಓಪನ್ ಗೆದ್ದೋರು ಅವ್ರು.

17ನೇದು, ರೋಡ್ ಹೋಲ್. ಇದಕ್ಕೆ ಅಪ್ಪನ್ನ ಮೊದ್ಲೇ ತಯಾರು ಮಾಡಿ. ಟೀ ಮೇಲೆ ನಿಂತ್ರೆ ಎದುರಿಗೆ ಫೇರ್‌ವೇ (ಚೆಂಡು ಬೀಳ್ಬೇಕಾದ ಹುಲ್ಲಿನ ಹಾದಿ) ಕಾಣಲ್ಲ, ಹೋಟೆಲ್‌ನ ಹಸಿರು ಶೆಡ್ ಕಾಣತ್ತೆ, ಅದ್ರ ಮೇಲೆ ಬರೆದಿರೋ ಅಕ್ಷರಗಳಲ್ಲಿ ಯಾವ ಅಕ್ಷರದ ಮೇಲಿಂದ ಹೊಡೀಬೇಕು ಅಂತ ಕ್ಯಾಡಿ ಹೇಳ್ತಾರೆ. ಆಮೇಲೆ ಗ್ರೀನ್ ಅಡ್ಡಡ್ಡ ಇದೆ, ಕಿರಿದು, ಮುಂದೆ ಆಳದ ರೋಡ್ ಬಂಕರ್, ಹಿಂದೆ ನಿಜವಾದ ರಸ್ತೆ, ರಸ್ತೆ ಆಚೆ ಕಲ್ಲಿನ ಗೋಡೆ. ರಸ್ತೆ ಮೇಲೆ ಬಿದ್ರೆ ಅಲ್ಲಿಂದಾನೇ ಆಡ್ಬೇಕು. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ತಲುಪಿ, ಪಟ್ ಮಾಡಿದ ಚೆಂಡು ಆ ಬಂಕರ್‌ಗೆ ಉರುಳಿ, ಕೊನೆಗೆ 9 ಆಯ್ತು. ಪಾರ್ (ನಿಗದಿ ಮಾಡಿರೋ ಹೊಡೆತ) ನಾಲ್ಕು ಅಂತ ಕಾರ್ಡಲ್ಲಿದ್ರೂ ಅಪ್ಪ ಅದನ್ನ ಪಾರ್ ಆರು ಅಂದ್ಕೊಂಡು ಬಲಗಡೆ ಮುಂದೆ ಚಿಕ್ಕದಾಗಿ ಹೊಡ್ದು ಅಲ್ಲಿಂದ ಪಟ್ಟರ್ ತಗೊಳ್ಳಿ. ನಾನು ಹಾಗೆ ಮಾಡಿ ಐದು ಹೊಡೆದೆ, ಆ ಐದು ನನ್ ಮಟ್ಟಿಗೆ ಬೇರೆ ಎಲ್ಲಾ ಬರ್ಡಿಗಿಂತ (ಪಾರ್‌ಗೆ ಒಂದು ಕಮ್ಮಿ) ದೊಡ್ಡದು, ಕಾರ್ಡ್ ಈಗ್ಲೂ ಇಟ್ಕೊಂಡಿದೀನಿ.

ಮಂಡಿ ವಿಷ್ಯ, ಏರು ಜಾಸ್ತಿ ಇಲ್ಲ, ಆದ್ರೆ ನೆಲ ಸಣ್ಣಸಣ್ಣ ಅಲೆ ಥರ ಏರಿಳಿತ, ಪಾದ ಸಮ ಊರಲ್ಲ. ಬಗ್ಗಿ (ಕೂತು ಹೋಗೋ ಗಾಲ್ಫ್ ಗಾಡಿ) ಮೆಡಿಕಲ್ ಕಾರಣ ಇಲ್ದೆ ಕೊಡಲ್ಲ. ಈಗಿಂದಾನೇ ವಾರಕ್ಕೆ ಮೂರು ದಿನ ಆರೇಳು ಕಿಲೋಮೀಟರ್ ನಡೆಯಕ್ಕೆ ಹೇಳಿ.

ಕಡಲಂಚು

ನಂದು ಸ್ವಲ್ಪ ಬೇರೆ ಅಭಿಪ್ರಾಯ, ತಪ್ಪು ತಿಳೀಬೇಡಿ. ಓಲ್ಡ್ ಕೋರ್ಸ್ ಸಿಕ್ರೆ ಮಾತ್ರ ಟ್ರಿಪ್ ಸಾರ್ಥಕ ಅನ್ನೋ ಹಾಗೆ ಪ್ಲಾನ್ ಮಾಡ್ಬೇಡಿ. ನಾನು ಐದು ದಿನ ಇದ್ದೆ, ಐದು ದಿನಾನೂ ಸಿಗ್ಲಿಲ್ಲ, ದಿನಾ ಸಂಜೆ ರಿಸಲ್ಟ್ ನೋಡೋದು, ಮುಖ ಸಪ್ಪೆ ಮಾಡ್ಕೊಳ್ಳೋದು, ಹಾಗೆ ಎರಡು ದಿನ ಸುಮ್ನೆ ಹಾಳು ಮಾಡಿದೆ, ಅದೇ ನಂಗೆ ಈಗ್ಲೂ ಬೇಸರ, ಸಿಗದೇ ಇದ್ದಿದ್ದಲ್ಲ.

ಮೂರನೇ ದಿನ ನ್ಯೂ ಕೋರ್ಸ್‌ನಲ್ಲಿ ಆಡಿದೆ. ಹೆಸರು ನ್ಯೂ, ಮಾಡಿದ್ದು 1895ರಲ್ಲಿ, ಆಗ ಓಲ್ಡ್ ಕೋರ್ಸ್ ನೋಡ್ಕೊಳ್ತಿದ್ದ ಓಲ್ಡ್ ಟಾಮ್ ಮಾರಿಸ್ ಕೈಯಲ್ಲಿ. ಅದೇ ಮರಳು, ಅದೇ ಗಾಳಿ, ಓಲ್ಡ್ ಕೋರ್ಸ್ ಪಕ್ಕದಲ್ಲೇ. ಮೊದ್ಲೇ ಬುಕ್ ಮಾಡ್ಬಹುದು, ರೇಟೂ ತುಂಬಾ ಕಮ್ಮಿ. ಅಪ್ಪಂಗೆ ಅದೊಂದು ರೌಂಡ್ ಗ್ಯಾರಂಟಿಯಾಗಿ ಈಗ್ಲೇ ಬುಕ್ ಮಾಡ್ಬಿಡಿ, ಉಳಿದಿದ್ದು ಸಿಕ್ರೆ ಸಿಗ್ಲಿ.

ಮತ್ತೆ ಭಾನುವಾರ. ಮೇಲೆ ಒಬ್ರು ಭಾನುವಾರ ಮುಚ್ಚಿರತ್ತೆ ಅಂತ ಕಳೆದ್ರು, ನಾನು ಕೂಡ್ತೀನಿ. ದೊಡ್ಡ ಟೂರ್ನಮೆಂಟ್ ಇದ್ದಾಗ ಬಿಟ್ರೆ ಭಾನುವಾರ ಆ ಕೋರ್ಸ್ ಊರಿನೋರ ಪಾರ್ಕು. ಮಕ್ಕಳು ಓಡ್ತಾರೆ, ನಾಯಿ ಕರ್ಕೊಂಡು ಬರ್ತಾರೆ, ಯಾರು ಬೇಕಾದ್ರೂ ಮೊದಲ ಟೀಯಿಂದ ಕೊನೆ ಗ್ರೀನ್‌ವರೆಗೆ ಒಂದು ಪೈಸೆ ಕೊಡದೆ ನಡೀಬಹುದು. ಆ ಜಮೀನು ಊರಿಂದು ಅನ್ನೋದು ಬರೀ ಮಾತಲ್ಲ. 1552ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಲಿಂಕ್ಸ್‌ನಲ್ಲಿ ಮೊಲ ಸಾಕೋ ಹಕ್ಕು ತಗೊಂಡಾಗ, ಗಾಲ್ಫು ಫುಟ್‌ಬಾಲು ಆಡೋ ಹಕ್ಕು ಜನರಿಗೇ ಇರತ್ತೆ ಅಂತ ಬರೆದ ಪತ್ರ ಇದೆ. 1797ರಲ್ಲಿ ಊರು ಸಾಲದಲ್ಲಿ ಮುಳುಗಿ ಜಮೀನು ಮೊಲದ ವ್ಯಾಪಾರಿಗಳ ಕೈಗೆ ಹೋಯ್ತು, ವರ್ಷಗಟ್ಟಲೆ ಜಗಳ, ಕೋರ್ಟು, 1821ರಲ್ಲಿ ಜೇಮ್ಸ್ ಚೀಪ್ ಅನ್ನೋ ಜಮೀನ್ದಾರ ಕೊಂಡ್ಕೊಂಡು ಗಾಲ್ಫ್‌ಗೆ ಉಳಿಸಿದ. ಇವತ್ತು ನೋಡ್ಕೊಳ್ತಿರೋದು 1974ರ ಪಾರ್ಲಿಮೆಂಟ್ ಕಾಯ್ದೆಯಿಂದ ಆದ ಟ್ರಸ್ಟು. ಆ ಊರಿನೋರು ಬಿಟ್ಟುಕೊಟ್ಟಿದ್ರೆ ನಾವ್ಯಾರೂ ಇವತ್ತು ಈ ಥ್ರೆಡ್ ಬರೀತಿರ್ಲಿಲ್ಲ.

ನಾನು ಭಾನುವಾರ ಬೆಳಿಗ್ಗೆ ಏಳಕ್ಕೆ ನಡೆದೆ. ಕ್ಲಬ್ ಹೊತ್ಕೊಂಡಿರಲ್ಲ, ಹಿಂದೆ ಯಾರೂ ಕಾಯ್ತಿರಲ್ಲ, ಬೇಕಾದಷ್ಟು ಹೊತ್ತು ನಿಂತು ನೋಡ್ಬಹುದು. ಏಳು ಗ್ರೀನ್‌ಗಳು ಜೋಡಿ, ಅಂದ್ರೆ ಒಂದೇ ಗ್ರೀನ್‌ನಲ್ಲಿ ಹೋಗೋ ಹೋಲ್ ಒಂದು, ಬರೋ ಹೋಲ್ ಒಂದು, ಎರಡ್ರ ನಂಬರ್ ಕೂಡಿದ್ರೆ 18 ಆಗತ್ತೆ, ಎರಡು ಮತ್ತೆ ಹದಿನಾರು, ಮೂರು ಮತ್ತೆ ಹದಿನೈದು ಹೀಗೆ. ಅಪ್ಪಂಗೆ ಗೊತ್ತಿರ್ಬಹುದು, ಆದ್ರೆ ಆ ಗ್ರೀನ್ ಎಷ್ಟು ಅಗಲ ಅನ್ನೋದು ಟಿವಿಲಿ ಗೊತ್ತಾಗಲ್ಲ. ಸ್ವಿಲ್ಕನ್ ಸೇತುವೆ ನೋಡಿದ್ರೆ ಇಷ್ಟು ಚಿಕ್ಕದಾ ಅನ್ಸತ್ತೆ, ಕುರಿ ದಾಟಿಸಕ್ಕೆ ಕಟ್ಟಿದ್ದು ಅಂತಾರೆ, ಭಾನುವಾರ ಅದ್ರ ಮೇಲೆ ನಿಧಾನಕ್ಕೆ ನಿಂತ್ಕೊಂಡು ಫೋಟೋ ತೆಗೆಸ್ಕೋಬಹುದು.

ಅಮ್ಮನ್ನೂ ನೀವೂ ಅಪ್ಪನ ಜೊತೆ ಆಡೋ ಜಾಗ ಒಂದಿದೆ, ಹಿಮಾಲಯಾಸ್ ಅಂತ, ಬರೀ ಪಟ್ಟಿಂಗ್, 1867ರಲ್ಲಿ ಶುರುವಾದ ಮಹಿಳೆಯರ ಕ್ಲಬ್ಬಿಂದು, ಕೆಲವೇ ಪೌಂಡು, ಯಾರು ಬೇಕಾದ್ರೂ ಆಡ್ಬಹುದು. ಗುಡ್ಡ ಗುಂಡಿ ಮೇಲೆ ಚೆಂಡು ಹೋಗೋದು ನೋಡಿ ಅಮ್ಮ ನಿಮ್ಮಿಬ್ರಿಗಿಂತ ಚೆನ್ನಾಗಿ ಆಡ್ತಾರೆ ನೋಡ್ತಿರಿ. ಮತ್ತೆ ಪಾಳುಬಿದ್ದ ಕ್ಯಾಥೆಡ್ರಲ್ ಅಂಗಳದಲ್ಲಿ ಓಲ್ಡ್ ಟಾಮ್ ಸಮಾಧಿ, ಮಗ ಯಂಗ್ ಟಾಮ್ ಸಮಾಧಿ ಎರಡೂ ಇದೆ. ಮಗ ನಾಲ್ಕು ಓಪನ್ ಸತತವಾಗಿ ಗೆದ್ದು 1875ರಲ್ಲಿ 24ನೇ ವಯಸ್ಸಿಗೇ ಹೋಗ್ಬಿಟ್ಟ, ಓಲ್ಡ್ ಟಾಮ್ ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಬದುಕಿದ್ರು, 1903ರವರೆಗೆ ಆ ಕೋರ್ಸ್ ನೋಡ್ಕೊಂಡ್ರು. ಅಲ್ಲಿ ನಿಂತಾಗ ನಂಗೆ ತುಂಬಾ ಹೊತ್ತು ಮಾತೇ ಬರ್ಲಿಲ್ಲ.

ಬೆಳ್ಳಿಮೋಡ_ಎಸ್

ಇಷ್ಟೆಲ್ಲಾ ಬರೆದಿದ್ದಕ್ಕೆ ಮೂರೂ ಜನಕ್ಕೆ ತುಂಬಾ ಥ್ಯಾಂಕ್ಸ್. ಆಫೀಸಲ್ಲಿ ಓದ್ತಾ ಕಣ್ಣು ತುಂಬ್ಕೊಂಡ್ತು.

ಶನಿವಾರ ಸಂಜೆ ತಲುಪೋ ಹಾಗೆ ಆರು ರಾತ್ರಿ ರೂಮ್ ನೋಡ್ತಿದೀನಿ. ಭಾನುವಾರ ಮೂರೂ ಜನ ನಡೆಯೋದು, ಸೋಮವಾರದಿಂದ ದಿನಾ ಡ್ರಾಗೆ ಹೆಸರು, ಬುಧವಾರ ನ್ಯೂ ಕೋರ್ಸ್ ಬುಕ್ ಮಾಡ್ತೀನಿ. ಒಂದೇ ಒಂದು ಪ್ರಶ್ನೆ ಉಳೀತು. ಭಾನುವಾರ ನಡೆದ ಮೇಲೆ ಡ್ರಾದಲ್ಲಿ ಸಿಗ್ಲಿಲ್ಲ ಅಂದ್ರೆ ಆಸೆ ಹುಟ್ಸಿ ಕಿತ್ಕೊಂಡ ಹಾಗೆ ಆಗಲ್ವಾ ಅವ್ರಿಗೆ?

ಕಡಲಂಚು

ನಂಗೆ ಹಾಗಾಗ್ಲಿಲ್ಲ ಮೇಡಂ. ಎಲ್ಲಿ ನಿಂತ್ರೆ ಏನು ಕಾಣತ್ತೆ ಅಂತ ಕಾಲಿಗೇ ಗೊತ್ತಾಗಿತ್ತು, ಈಗ ಟಿವಿಲಿ ಓಪನ್ ನೋಡಿದ್ರೆ ಅಲ್ಲೇ ಇದ್ದ ಹಾಗನ್ಸತ್ತೆ. ಒಂದ್ ಕೆಲ್ಸ ಮಾಡಿ, ಅಪ್ಪ ಬರೋಕೆ ಮುಂಚೆನೇ ಡ್ರಾ ವಿಷ್ಯ ಪೂರ್ತಿ ಹೇಳ್ಬಿಡಿ, ಸರ್ಪ್ರೈಸ್ ಕೊಡಕ್ಕೆ ಹೋಗ್ಬೇಡಿ. ದಿನಾ ಹೋಗಿ ಅವ್ರೇ ಹೆಸರು ಕೊಡ್ಬೇಕಲ್ಲ, ಆ ಕಾಯೋದ್ರಲ್ಲೂ ಅವ್ರ ಪಾಲಿರ್ಲಿ.

ಹಸಿರುಹಾದಿ

ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರತ್ತೆ ಮೇಡಂ. ಸಂಜೆ ಊಟ ಆದ್ಮೇಲೆ 18ನೇ ಗ್ರೀನ್ ಪಕ್ಕದ ಬೇಲಿ ಹತ್ರ ಕರ್ಕೊಂಡು ಹೋಗಿ ನಿಂತ್ಕೊಳ್ಳಿ, ಕೊನೆ ಗುಂಪುಗಳು ಬರ್ತಿರ್ತವೆ, ಯಾರೇ ಒಳ್ಳೆ ಪಟ್ ಹಾಕಿದ್ರೂ ರಸ್ತೇಲಿ ನಿಂತಿರೋರೆಲ್ಲಾ ಚಪ್ಪಾಳೆ ಹೊಡೀತಾರೆ. ಜರ್ಕಿನ್ ಮರೀಬೇಡಿ, ಜೂನ್ ಆದ್ರೂ ಸಮುದ್ರದ ಗಾಳಿ ಮಂಡಿಗೆ ಹಿಡ್ಕೊಳತ್ತೆ. ಸಿಕ್ತೋ ಇಲ್ವೋ ಬಂದು ಇಲ್ಲೇ ಬರೀರಿ, ಕಾಯ್ತಿರ್ತೀವಿ.